ಬ್ರೇಕ್ ಇದ್ದದ್ದು ಎಡಗಾಲಿನಲ್ಲಿ

೧೯೫೬ರಲ್ಲಿ ನಾನು ಬೈಕುಲ್ಲಾದ ಒಂದು ಮೋಟಾರ್‌ಸೈಕಲ್ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ವಯಸ್ಸು ಇಪ್ಪತ್ತನಾಲ್ಕು. ಉಡುಪಿಯಿಂದ ನನ್ನನ್ನು ಕರೆತಂದ ಸೋದರಮಾವನಿಗೆ ದಾದರಿನಲ್ಲಿ ಹೋಟೆಲಿತ್ತು. ಇಡ್ಲಿ ಹಿಟ್ಟು ಬಿಟ್ಟು ಗ್ರೀಸಿಗೆ ಕೈ ಹಾಕಿದೆನೆಂದು ಅವರಿಗೆ ಸಿಟ್ಟು. "ಮಳೆಗಾಲ ಕಳೆಯುದ್ರೊಳಗೆ ವಾಪಸ್ ಬರ್ತಿ, ನೋಡ್ತಾ ಇರು" ಎಂದಿದ್ದರು. ಮೂರು ಮಳೆಗಾಲ ಕಳೆದಿದ್ದರೂ ಆ ಮಾತು ನನ್ನ ಕಿವಿಯಲ್ಲೇ ಇತ್ತು. ವಾಪಸು ಹೋಗಲಾರೆ ಎಂಬ ಹಟದಿಂದಲೇ ಒಬ್ಬರ ಪ್ರಾಣಕ್ಕೆ ಸಂಚಕಾರ ತರಲಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಮ್ಮ ಸೇಠ್ ವರ್ಷಕ್ಕೊಮ್ಮೆ ಮಲಾಡಿನ ಮೈದಾನದಲ್ಲಿ ಸವಾರಿ ಪ್ರದರ್ಶನ ಇಡುತ್ತಿದ್ದರು. ಕೊನೆಯ ಆಟವೆಂದರೆ ಮುಂದಿನ ಚಕ್ರ ಎತ್ತಿ, ಹಿಂದಿನ ಚಕ್ರವೊಂದರ ಮೇಲೆಯೇ ಅರವತ್ತು ಅಡಿ ಓಡಿಸಿ, ಸುಣ್ಣದ ಗೆರೆ ಮುಟ್ಟುವ ಮೊದಲೇ ಚಕ್ರ ಇಳಿಸಿ ನಿಲ್ಲುವುದು. ಈಗಿನವರು ಇದನ್ನು ವೀಲಿ ಎನ್ನುತ್ತಾರೆ. ನಮ್ಮ ವರ್ಕ್‌ಶಾಪಿನಲ್ಲಿ ಅದಕ್ಕೆ ಘೋಡಾ, ಅಂದರೆ ಕುದುರೆ, ಎಂದು ಹೆಸರು. ಅದನ್ನು ಮಾಡುತ್ತಿದ್ದವನು ಆ ವರ್ಷ ಕೆಲಸ ಹುಡುಕಿಕೊಂಡು ಆಫ್ರಿಕಾದ ಹಡಗು ಹತ್ತಿದ. ಪ್ರದರ್ಶನಕ್ಕೆ ಉಳಿದದ್ದು ಐದು ವಾರ. ಹೆಡ್ ಮೆಕ್ಯಾನಿಕ್ ವಾಸಣ್ಣ ನನ್ನತ್ತ ಬೆರಳು ತೋರಿಸಿದರು.

ವಾಸಣ್ಣ ಮಂಗಳೂರಿನವರು. ಹಿಂದೆ ಹತ್ತು ವರ್ಷ ಅವರೇ ಘೋಡಾ ಮಾಡಿದ್ದರು. ಆಮೇಲೆ ಲಾರಿಯೊಂದು ತಾಗಿ ಎಡ ಮೊಣಕಾಲು ಮುರಿದು, ಕಾಲು ಮಡಚಲು ಬಾರದಂತಾಗಿತ್ತು. ಆ ಕಾಲನ್ನು ಎಳೆದುಕೊಂಡೇ ನಡೆಯುತ್ತಿದ್ದರು. ಓಡುವ, ಪಕ್ಕಕ್ಕೆ ಜಿಗಿಯುವ ಪ್ರಶ್ನೆಯೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಗೋದಾಮಿನ ಹಿಂದಿನ ಅಂಗಳದಲ್ಲಿ ಪಾಠ. ಗಾಡಿ ೩೫೦ ಸಿ.ಸಿ.ಯ ಇಂಗ್ಲಿಷ್ ಮೋಟಾರ್‌ಸೈಕಲ್. ಎಳೆತ ಹೆಚ್ಚಲೆಂದು ಎಂಜಿನ್ ಕಡೆಯ ಸ್ಪ್ರಾಕೆಟ್, ಅಂದರೆ ಚೈನನ್ನು ಎಳೆಯುವ ಹಲ್ಲುಚಕ್ರವನ್ನು ತೆಗೆದು ಎರಡು ಹಲ್ಲು ಕಡಿಮೆ ಇರುವುದನ್ನು ಕೂರಿಸಿದ್ದೆವು. ಸೀಟಿನ ಹಿಂದಿನ ತುದಿಗೆ ಸರಿದು ಕೂತು, ಒಂದನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿ, ಕ್ಲಚ್ಚನ್ನು ಥಟ್ಟನೆ ಬಿಡಬೇಕು. ಮೊದಲ ದಿನ ಚಕ್ರ ಒಂದು ಇಂಚೂ ಏಳಲಿಲ್ಲ. ಎಂಜಿನ್ ಮಾತ್ರ ಆರು ಸಲ ನಿಂತಿತು. ಎರಡನೆಯ ವಾರ ಒಂದು ಗೇಣು ಎದ್ದಾಗ ಹೆದರಿ ಕಣ್ಣು ಮುಚ್ಚಿಬಿಟ್ಟೆ.

"ಎತ್ತುದು ಎಂಜಿನ್ ಕೆಲಸ ಮಾರಾಯ, ಇಳಿಸುದು ನಿನ್ನ ಕೆಲಸ. ಬ್ರೇಕಿನ ಮೇಲೆ ಕಾಲು ಇರ್ಲಿ" ಎಂದರು ವಾಸಣ್ಣ. ಚಕ್ರ ಮಿತಿಮೀರಿ ಎದ್ದರೆ ಹಿಂದಿನ ಬ್ರೇಕನ್ನು ಕಾಲಿನಿಂದ ತುಸು ಒತ್ತಬೇಕು. ಆಗ ಗಾಡಿಯ ಮೂತಿ ಕೆಳಗಿಳಿಯುತ್ತದೆ. ಒತ್ತದಿದ್ದರೆ ಗಾಡಿ ಹಿಮ್ಮುಖವಾಗಿ ಮಗುಚುತ್ತದೆ, ಇಲ್ಲವೇ ಸವಾರನನ್ನು ಕೆಡವಿ ಮುಂದೆ ನುಗ್ಗುತ್ತದೆ.

ನನ್ನ ಕಷ್ಟ ಅಲ್ಲೇ ಇತ್ತು. ಮೂರು ವರ್ಷ ನಾನು ಬೈಕುಲ್ಲಾದಿಂದ ದಾದರಿಗೆ ವರ್ಕ್‌ಶಾಪಿನ ಸಾಮಾನು ಸಾಗಿಸಿದ್ದು ಯುದ್ಧದ ನಂತರ ಹರಾಜಿಗೆ ಬಂದಿದ್ದ ಅಮೆರಿಕದ ಮಿಲಿಟರಿ ಗಾಡಿಯಲ್ಲಿ. ಅದರ ಬ್ರೇಕ್ ಬಲಗಾಲಿಗೆ. ಇಂಗ್ಲಿಷ್ ಗಾಡಿಯಲ್ಲಿ ಬ್ರೇಕ್ ಎಡಗಾಲಿಗೆ, ಬಲಗಾಲಿಗೆ ಸಿಗುವುದು ಗೇರ್. ಸಮಾಧಾನದಲ್ಲಿದ್ದಾಗ ಇದೆಲ್ಲ ನೆನಪಿರುತ್ತಿತ್ತು. ಹೆದರಿದೆನೋ, ಬಲಗಾಲು ನನ್ನ ಅಪ್ಪಣೆ ಕೇಳುತ್ತಿರಲಿಲ್ಲ.

ನಾಲ್ಕನೆಯ ವಾರ ವಾಸಣ್ಣ ಚಹಾಕ್ಕೆ ಹೋಗಿದ್ದಾಗ ಚಕ್ರ ಎದೆಯೆತ್ತರಕ್ಕೆ ಎದ್ದಿತು. ಬಲಗಾಲಿನಿಂದ ಬಲವಾಗಿ ತುಳಿದೆ. ತುಳಿದದ್ದು ಗೇರನ್ನು. ಗಾಡಿ ನನ್ನನ್ನು ಕೆಡವಿ ಮುಂದೆ ಹೋಗಿ, ಗೆರೆಯ ಗುರುತಿಗೆ ಇಟ್ಟಿದ್ದ ಖಾಲಿ ಡ್ರಮ್ಮಿಗೆ ಹೊಡೆಯಿತು. ಸೊಟ್ಟಗಾದ ಮಡ್‌ಗಾರ್ಡನ್ನು ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡಿದೆ, ಡ್ರಮ್ಮಿನ ತಗ್ಗನ್ನು ಗೋಡೆಯ ಕಡೆಗೆ ತಿರುಗಿಸಿದೆ. ವಾಸಣ್ಣ ಬಂದು "ಎಂತ, ಆಯ್ತಾ?" ಎಂದರು. "ಆಯ್ತು ವಾಸಣ್ಣ" ಎಂದೆ. ಹೇಳಿದರೆ ನನ್ನನ್ನು ಇಳಿಸಿಬಿಡುತ್ತಾರೆ, ಮಾವನ ಮಾತು ನಿಜವಾಗುತ್ತದೆ ಎಂಬ ಭಯ. ಮುಂದಿನ ವಾರವೂ ಒಮ್ಮೆ ಹಾಗೇ ಆಯಿತು. ಪುಣ್ಯಕ್ಕೆ ಆಗ ಚಕ್ರ ಅಷ್ಟು ಮೇಲೆ ಹೋಗಿರಲಿಲ್ಲ.

ಪ್ರದರ್ಶನದ ದಿನ ಮಧ್ಯಾಹ್ನ ಮಲಾಡಿನ ಮೈದಾನದ ಎರಡೂ ಬದಿಗೆ ಹಗ್ಗ ಕಟ್ಟಿ ಜನ ನಿಂತಿದ್ದರು. ನನ್ನ ಸರದಿ ಬಂತು. ಗಾಡಿ ಸ್ಟಾರ್ಟ್ ಮಾಡಿ ಮುಂದೆ ನೋಡಿದರೆ ಗೆರೆಯ ಹತ್ತಿರ ಡ್ರಮ್ ಇಲ್ಲ! ವಾಸಣ್ಣ ಕಾಲೆಳೆಯುತ್ತ ಅಲ್ಲಿಗೇ ಹೊರಟಿದ್ದರು.

"ಡ್ರಮ್ ಎಲ್ಲಿ?" ಎಂದು ಕೂಗಿದೆ.

"ಜನರೆದುರು ಡ್ರಮ್ ನಿಲ್ಲಿಸುದಾ? ಗೆರೆ ಮೇಲೆ ಕಲಿಸಿದವನು ನಿಲ್ಲುದು. ನನ್ನ ಉಸ್ತಾದ್ ನನಗೆ ನಿಂತಿದ್ದ."

ಆ ಮಡಚದ ಕಾಲನ್ನು ನೋಡಿದೆ. ಎಂಜಿನ್ ಆಫ್ ಮಾಡಿದೆ. ಜನ ಸೀಟಿ ಹೊಡೆಯತೊಡಗಿದರು. ವಾಸಣ್ಣ ಹಿಂದಿರುಗಿ ಬಂದರು.

"ನನ್ನಿಂದ ಆಗುದಿಲ್ಲ ವಾಸಣ್ಣ. ಹೆದ್ರಿಕೆ ಆದ್ರೆ ನನ್ನ ಬಲಗಾಲು ಗೇರ್ ತುಳಿತದೆ. ಎರಡು ಸಲ ತುಳ್ದಿದೆ. ನಾನು ನಿಮಗೆ ಹೇಳ್ಲಿಲ್ಲ."

ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ಜೇಬಿನಿಂದ ಸ್ಪ್ಯಾನರ್ ತೆಗೆದರು. "ಸ್ಟಾರ್ಟ್ ಮಾಡು. ಒಂದನೇ ಗೇರಿಗೆ ಹಾಕು. ಕ್ಲಚ್ ಬಿಟ್ರೆ ನನ್ನ ಕೈ ಹೋಗ್ತದೆ, ನೆನಪಿರ್ಲಿ."

ನೆಟ್ಟಗಿನ ಕಾಲನ್ನು ಪಕ್ಕಕ್ಕೆ ಚಾಚಿ, ಇನ್ನೊಂದು ಮೊಣಕಾಲೂರಿ ನನ್ನ ಬಲಗಾಲಿನ ಬಳಿ ಕೂತರು. ಗೇರ್ ಲಿವರನ್ನು ಶಾಫ್ಟಿಗೆ ಬಿಗಿದಿರುವುದು ಒಂದೇ ಬೋಲ್ಟ್. ಲಿವರ್ ತೆಗೆದ ಮೇಲೆ ಗೇರ್ ಹಾಕಲಾಗದು, ಗೇರಿನಲ್ಲಿಟ್ಟು ಎಂಜಿನ್ ಸ್ಟಾರ್ಟ್ ಮಾಡಲೂ ಆಗದು, ಅದಕ್ಕೇ ಈ ಕ್ರಮ. ಎಂಜಿನ್ ಗುಡುಗುಡು ಎನ್ನುತ್ತಿತ್ತು. ಕ್ಲಚ್ ಹಿಡಿದ ನನ್ನ ಎಡಗೈ ಬೆವರಿ ಜಾರುತ್ತಿತ್ತು. ಒಂದು ನಿಮಿಷವೂ ಹಿಡಿದಿರಲಿಕ್ಕಿಲ್ಲ, ನನಗೆ ಮಾತ್ರ ಅದು ಮುಗಿಯಲೇ ಇಲ್ಲ. ಕೊನೆಗೆ ಲಿವರ್ ಕಳಚಿ ಅವರ ಕೈಗೆ ಬಂತು.

"ಈಗ ಎಂತ ತುಳಿತಿ, ತುಳಿ."

"ಡ್ರಮ್ಮೇ ಇಡುವ, ವಾಸಣ್ಣ, ನೀವು ಬೇಡ" ಎಂದೆ. ಅವರು ಲಿವರನ್ನು ಜೇಬಿಗಿಳಿಸಿ, ಹೋಗಿ ಗೆರೆಯ ಮೇಲೆ ನಿಂತರು.

ಕ್ಲಚ್ ಬಿಟ್ಟೆ. ಮುಂದಿನ ಚಕ್ರ ಎದ್ದಿತು. ಮೂವತ್ತು ಅಡಿ ಚೆನ್ನಾಗಿಯೇ ಹೋಯಿತು. ಆಮೇಲೆ ಹಿಂದಿನ ಚಕ್ರ ಯಾವುದೋ ಗುಂಡಿಗೆ ಬಿದ್ದು ಎದ್ದಿತು, ಮೂತಿ ಮೇಲಕ್ಕೇರಿತು, ವಾಸಣ್ಣ ಕಣ್ಣಿಂದ ಮರೆಯಾದರು. ಬಲಗಾಲು ತುಳಿಯಿತು. ಅಲ್ಲಿ ಏನೂ ಇರಲಿಲ್ಲ. ಕಾಲು ಗಾಳಿಯಲ್ಲಿ ಹೋದ ಆ ಕ್ಷಣವೇ ಎಡಗಾಲಿಗೆ ಎಚ್ಚರವಾಯಿತು. ಒತ್ತಿದೆ. ಮೂತಿ ಧಡ್ಡೆಂದು ಇಳಿಯಿತು. ಇನ್ನೊಮ್ಮೆ ಒತ್ತಿದೆ. ಗಾಡಿ ಜಾರಿ, ಎಂಜಿನ್ ನಿಂತು, ಧೂಳು ಇಳಿದಾಗ ಚಕ್ರಕ್ಕೂ ಅವರ ಪ್ಯಾಂಟಿಗೂ ಮಧ್ಯೆ ಒಂದು ಮೊಳ ಜಾಗವಿತ್ತು. ಅವರು ಇದ್ದಲ್ಲಿಂದ ಅಲುಗಿರಲಿಲ್ಲ. ನಾನು ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಜನ ಚಪ್ಪಾಳೆ ಹೊಡೆಯುತ್ತಲೇ ಇದ್ದರು.

ಸಂಜೆ ವರ್ಕ್‌ಶಾಪಿನಲ್ಲಿ ವಾಸಣ್ಣ ಲಿವರನ್ನು ತಿರುಗಿ ಕೂರಿಸುತ್ತ ಮಡ್‌ಗಾರ್ಡಿನ ಮೇಲೆ ಬೆರಳಾಡಿಸಿದರು. "ನೀನು ತಟ್ಟಿದ್ದು ಇನ್ನೂ ಸೊಟ್ಟ ಉಂಟು."

"ನಿಮಗೆ ಗೊತ್ತಿತ್ತಾ?"

"ಬಿದ್ದದ್ದು ಗೊತ್ತಿತ್ತು. ಯಾಕೆ ಬಿದ್ದಿ ಅಂತ ನೀನೇ ಹೇಳ್ಬೇಕಲ್ಲ. ನಾನು ಎದುರು ನಿಂತ್ರೆ ಹೇಳ್ತಿ ಅಂತ ಅಂದಾಜಿತ್ತು. ನನ್ನ ಉಸ್ತಾದ್ ನಿಂತದ್ದೂ ಅದಕ್ಕೇ."

ಮುಂದೆ ನಾನೇ ಹೆಡ್ ಮೆಕ್ಯಾನಿಕ್ ಆದೆ. ಹೊಸಬ ಕೆಲಸಕ್ಕೆ ಸೇರಿದರೆ ನಾನು ಮೊದಲು ಕೇಳುತ್ತಿದ್ದುದು, ಹೆದರಿದಾಗ ನಿನ್ನ ಕಾಲು ಎಲ್ಲಿಗೆ ಹೋಗುತ್ತದೆ ಎಂದು. ಹೆಚ್ಚಿನವರು ನಕ್ಕುಬಿಡುತ್ತಿದ್ದರು. ಮುಚ್ಚಿಟ್ಟ ತಪ್ಪನ್ನು ಯಾವ ಸ್ಪ್ಯಾನರಿನಿಂದಲೂ ಕಳಚಲಾಗದು ಎಂಬುದು ನನಗೆ ಕೆಲಸ ಕಲಿಸಿದ ಪಾಠ. ಅದಕ್ಕೇ ಅವರು ಉತ್ತರ ಹೇಳುವವರೆಗೂ ನಾನು ಗಾಡಿಯ ಮುಂದಿನಿಂದ ಸರಿಯುತ್ತಿರಲಿಲ್ಲ.