ಸೀರಿಯಲ್ ಹೊತ್ತಲ್ಲಿ ಕರ್ಟನ್ ಅಳತೆ

ಮನೆಮನೆಗೆ ಹೋಗಿ ಕರ್ಟನ್‌ಗೆ ಅಳತೆ ತಗೊಳ್ಳೋದು ನನ್ನ ಕೆಲಸ, ಸೀರಿಯಲ್ ನೋಡೋದು ನನ್ನ ಚಟ. ಸೀರಿಯಲ್ ಮನೆಗಳಲ್ಲಿ ಕರ್ಟನ್ ಇರೋದೇ ಅದರ ಹಿಂದೆ ನಿಂತು ಕದ್ದು ಕೇಳೋಕೆ ಅನ್ನೋದು ಈ ಎರಡೂ ಅನುಭವದಿಂದ ಬಂದ ನನ್ನ ಅಭಿಪ್ರಾಯ.

ಒಂದು ಸಂಜೆ ಚಂದ್ರಾ ಲೇಔಟಿನ ಮನೆಯೊಂದಕ್ಕೆ ಹೋದಾಗ ನಾನು ಬಿಡದೆ ನೋಡೋ ಸೀರಿಯಲ್ಲೇ ಬರ್ತಿತ್ತು. ಟೇಪ್ ಹಿಡ್ಕೊಂಡು ಹಂಗೇ ನಿಂತುಬಿಟ್ಟೆ. ಅತ್ತೆ, ಸೊಸೆ ಇಬ್ಬರೂ ಸೋಫಾದಲ್ಲಿ ಕೂತಿದ್ರು. ಸೊಸೆಯ ಗಂಡ ಪಕ್ಕದ ಕುರ್ಚಿಯಲ್ಲಿ ಮೊಬೈಲ್‌ನೊಳಗೆ ಮುಳುಗಿದ್ರು.

ಜಾಹೀರಾತು ಬಂದ ಕೂಡಲೇ ಅತ್ತೆ ನನ್ನ ಕಡೆ ತಿರುಗಿದ್ರು. “ನೀವೂ ನೋಡ್ತೀರಾ? ಹಂಗಾದ್ರೆ ಹೇಳಿ, ತಪ್ಪು ಆ ಸೊಸೇದು ತಾನೆ?”

“ಅತ್ತೇದು ಅಲ್ವಾ ಅಣ್ಣ?” ಅಂದ್ರು ಸೊಸೆ.

ಒಬ್ಬರ ಪರ ಮಾತಾಡಿದ್ರೆ ಇನ್ನೊಬ್ಬರು ಆರ್ಡರ್ ಕ್ಯಾನ್ಸಲ್ ಮಾಡ್ತಾರೆ. ಆದ್ರೂ ಮನಸ್ಸಲ್ಲಿದ್ದದ್ದನ್ನೇ ಹೇಳಿಬಿಟ್ಟೆ. “ಇಬ್ಬರದೂ ಅಲ್ಲ ಆಂಟಿ. ಆ ಗಂಡ ಇದಾನಲ್ಲ, ಎಲ್ಲಾ ಕೇಳಿಸ್ಕೊಂಡೂ ಬಾಯಿ ಬಿಡಲ್ಲ. ಅವನು ಮೊದಲನೇ ವಾರನೇ ಒಂದು ಮಾತಾಡಿದ್ದಿದ್ರೆ ಸೀರಿಯಲ್ ಅಲ್ಲಿಗೇ ಮುಗೀತಿತ್ತು.”

ಅತ್ತೆ, ಸೊಸೆ ಒಟ್ಟಿಗೇ ಕುರ್ಚಿ ಕಡೆ ತಿರುಗಿದ್ರು. “ನೋಡು, ಹೊರಗಿನೋರಿಗೂ ಗೊತ್ತಾಗುತ್ತೆ,” ಅಂದ್ರು ಆಂಟಿ. ಆರ್ಡರ್ ಅಲ್ಲೇ ಪಕ್ಕಾ ಆಯ್ತು.

ಮುಂದಿನ ವಾರ ಹೋಗಿ ಹಾಲ್‌ನಲ್ಲಿ ಕರ್ಟನ್ ಹಾಕಿದೆ. ರೂಮಿನ ಕಿಟಕಿಗಳನ್ನೂ ಮುಗಿಸಿ ಬರೋಷ್ಟರಲ್ಲಿ ಸೀರಿಯಲ್ ಶುರುವಾಗಿತ್ತು. ಕುರ್ಚಿ ಖಾಲಿ ಇತ್ತು. ಬಾಲ್ಕನಿ ಬಾಗಿಲಿನ ಹೊಸ ಕರ್ಟನ್ ಸರಿಸಿದ್ರೆ, ಅದರ ಹಿಂದೆ ಗಂಡ ಮೊಬೈಲ್ ಹಿಡ್ಕೊಂಡು ನಿಂತಿದಾರೆ.

ಬಾಯಿ ಮೇಲೆ ಬೆರಳಿಟ್ಟು ಪಿಸುಗುಟ್ಟಿದ್ರು: “ಇನ್ನೂ ಸ್ವಲ್ಪ ದಪ್ಪ ಬಟ್ಟೆ ಇರಲಿಲ್ವಾ ಗುರು?”