ಪ್ಯಾರಿಸ್ಸಿನಾಗ ಅವ್ವನ ಖಡಕ್ ರೊಟ್ಟಿ

"ಮೊಸರಿಲ್ಲದ್ದು ಅದೂ ಒಂದು ಊಟ ಏನವಾ?" ಜರ್ಮನಿಗೆ ಓದಾಕ ಹೋಗಿ ನಾನು ವೀಗನ್ ಆಗಿ, ಹಾಲು-ತುಪ್ಪ ಬಿಟ್ಟಾಗಿಂದ ಗದಗಿನ ಅವ್ವಂದು ಇದ ಜಗಳ.

ಅಪ್ಪ-ಅವ್ವಗ ಯುರೋಪ್ ತೋರಸಾಕ ಹೊಂಟಾಗ, ಪ್ಯಾರಿಸ್ಸಿನ ಹೋಟೆಲಿನ್ಯಾಗ ನನಗ ಸಿಕ್ಕಿದ್ದು ಬರೇ ಹಸಿ ತಪ್ಪಲಿನ ಸಲಾಡ್. "ಹೊಲದಾಗಿನ ಹಕ್ಕರಕಿ ಸೊಪ್ಪು ಇದ್ದಂಗ ಐತಿ" ಅಂದಾಕಿನ ಅವ್ವ ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಗದ್ಲು. ವೇಟರ್ ಓಡಿಬಂದು, ಹೊರಗಿನ ಊಟ ಇಲ್ಲಿ ನಡಿಯಂಗಿಲ್ಲ ಅಂದ. ನಾನು ನಾಚಿ ನೀರಾದೆ. ಅವ್ವ ಮಾತ್ರ ರೊಟ್ಟಿ ಮುರದು, ಚಟ್ನಿ ಹಚ್ಚಿ, "ತಿನ್ನಪಾ ತಮ್ಮಾ" ಅಂತ ಅವನ ಕೈಯಾಗ ಇಟ್ಲು.

ತಿಂದವನ, "ಇದಕ್ಕ ಬೆಣ್ಣಿ ಹಾಕ್ಯಾರೇನು?" ಅಂತ ನನ್ನ ಕೇಳಿದ. ಇಲ್ಲ ಅಂದೆ. "ಹಂಗಾರ ವೀಗನ್!" ಅಂತ ಹಿಗ್ಗಿ ಇನ್ನೊಂದು ತುಂಡು ಬೇಡಿದ.

ತನ್ನ ರೊಟ್ಟಿ-ಚಟ್ನಿನೂ ವೀಗನ್ ಊಟನ ಅಂತ ಅವ್ವಗ ಗೊತ್ತಾಗಿ, ಅವತ್ತಿಗೆ ನಮ್ಮ ಜಗಳ ಬಂದ್. ಈಗ ಅವ್ವ ಗದಗಿನ್ಯಾಗ ಮೊಸರನ್ನ ಉಣಕೋತ, ಮಗಳಿಗೆ ವೀಗನ್ ಊಟ ಕಲಿಸಿದಾಕಿ ನಾನ ಅಂತ ಓಣಿಗೆಲ್ಲಾ ಹೇಳ್ತಾಳ.