ಎರಡು ಬಡಿತಕ್ಕೊಂದು ಗುಳ್ಳೆ

ನಮ್ಮಕ್ಕ ಕೈಗೆ ವಾಚ್ ಕಟ್ಟುವುದಿಲ್ಲ. ಗಡಿಯಾರ ರಿಪೇರಿ ಮಾಡಿ ಹೊಟ್ಟೆ ಹೊರೆಯುವ ನನಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ನಾನು ಕೊಟ್ಟ ಐದು ವಾಚುಗಳು ಅವಳ ಬೀರುವಿನಲ್ಲಿ ನಡೆಯುತ್ತಿವೆಯೋ ನಿಂತಿವೆಯೋ ದೇವರೇ ಬಲ್ಲ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ವಾರ್ಡಿನ ಗೋಡೆ ಗಡಿಯಾರ ಕೆಟ್ಟು, ಅದರ ರಿಪೇರಿಯ ಅರ್ಜಿ ಮೇಜಿನಿಂದ ಮೇಜಿಗೆ ಅಲೆದಾಡಿ ಒಂದು ವರ್ಷ ಕಳೆಯಿತಂತೆ. ಅಷ್ಟರಲ್ಲಿ ಇವಳು ಕತ್ತಿನ ಪಕ್ಕಕ್ಕೆ ಎರಡು ಬೆರಳಿಟ್ಟು, ತನ್ನ ನಾಡಿಯನ್ನೇ ಎಣಿಸಿ ಡ್ರಿಪ್ಪಿನ ಹನಿ ಹೊಂದಿಸುವುದನ್ನು ಕಲಿತಳು. ಎಪ್ಪತ್ತೆರಡು ಬಡಿತಕ್ಕೆ ಒಂದು ನಿಮಿಷ. ಹಿಂದೆ ಎಷ್ಟೋ ಸಲ ನಾನೇ ವಾಚ್ ಹಿಡಿದು ಪರೀಕ್ಷೆ ಮಾಡಿದ್ದೇನೆ. ಒಂದು ಸೆಕೆಂಡೂ ಆಚೀಚೆ ಆಗುತ್ತಿರಲಿಲ್ಲ.

“ನಿನ್ ಗಡಿಯಾರಕ್ಕೆ ಕೀ ಕೊಡ್ಬೇಕು, ಸೆಲ್ ಹಾಕ್ಬೇಕು. ನಂದಕ್ಕೆ ಎರಡು ಹೊತ್ತು ಊಟ ಹಾಕಿದ್ರೆ ಸಾಕು” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಕೆಳಗೆ ನನ್ನ ಅಂಗಡಿ, ಮೇಲೆ ಅವಳ ಮನೆ. ಮದುವೆ ಬೇಡವೆಂದವಳು ನಿವೃತ್ತಿಗೆ ಮೊದಲೇ ಮುಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ ಇಡಿಸಿ, ಉಪ್ಪುನೀರು ತುಂಬಿ, ಹವಳ ಸಾಕಿದಳು. ಹವಳವೆಂದರೆ ಉಂಗುರಕ್ಕೆ ಹಾಕುವ ಕಲ್ಲು ಎಂದುಕೊಂಡಿದ್ದವನು ನಾನು. ಅದೊಂದು ಜೀವ, ನೀರಿನಲ್ಲಿರುವ ಸುಣ್ಣ ಹೀರಿ ಮೈ ಕಟ್ಟಿಕೊಳ್ಳುತ್ತದೆ ಎಂದು ಅವಳೇ ಹೇಳಿಕೊಟ್ಟಳು. ಎಲ್ಲಕ್ಕಿಂತ ಹಿರಿಯ ಹವಳಕ್ಕೆ ಅಜ್ಜಿ ಎಂದೇ ಹೆಸರು. ಹನ್ನೊಂದು ವರ್ಷದ ಹಿಂದೆ ಬೆರಳಿನ ಗೆಣ್ಣಿನಷ್ಟು ಚೂರಾಗಿ ಬಂದದ್ದು ಈಗ ಊಟದ ತಟ್ಟೆಗಿಂತ ಅಗಲ. ಅಕ್ಕ ಬೆಳಿಗ್ಗೆ ಸಂಜೆ ಸುಣ್ಣದ ದ್ರಾವಣವನ್ನು ಅಳೆದು ತೊಟ್ಟಿಗೆ ಹಾಕುತ್ತಿದ್ದಳು. ಈ ವರ್ಷ ಅದು ಸಾಲದಾಯಿತು, ಅಜ್ಜಿಯ ಅಂಚು ಬಿಳಿಚಿಕೊಂಡಿತು.

ಮೀನಿನ ಅಂಗಡಿಯವನನ್ನು ನಾವು ಉಪ್ಪಪ್ಪ ಅನ್ನುತ್ತೇವೆ. ಅವನು ಬಂದು ನೋಡಿ, “ಮೇಡಂ, ಮನೆ ತುಂಬಾ ಮಕ್ಳಾದ್ಮೇಲೆ ಚಮಚದಲ್ಲಿ ಬಡಿಸಿದ್ರೆ ಆಗತ್ತಾ? ಕ್ಯಾಲ್ಸಿಯಂ ರಿಯಾಕ್ಟರ್ ಹಾಕ್ಬಿಡಿ” ಅಂದ.

ರಿಯಾಕ್ಟರ್ ಎಂದರೆ ಸತ್ತ ಹವಳದ ಚೂರು ತುಂಬಿದ ಒಂದು ದಪ್ಪ ಕೊಳವೆ. ಅದರೊಳಗೆ ತೊಟ್ಟಿಯ ನೀರು ಸುತ್ತುತ್ತಿರುತ್ತದೆ. ಸೋಡಾಕ್ಕೆ ಹಾಕುವ ಗ್ಯಾಸು ಸಿಲಿಂಡರಿನಿಂದ ಗುಳ್ಳೆ ಗುಳ್ಳೆಯಾಗಿ ಒಳಗೆ ಬಂದು ನೀರನ್ನು ಹುಳಿ ಮಾಡುತ್ತದೆ, ಹುಳಿ ನೀರು ಚೂರುಗಳನ್ನು ಕರಗಿಸುತ್ತದೆ, ಕರಗಿದ್ದು ಹನಿಹನಿಯಾಗಿ ತೊಟ್ಟಿಗೆ ಬೀಳುತ್ತದೆ. ಸತ್ತವರು ಇದ್ದವರಿಗೆ ಅನ್ನ ಹಾಕುವ ಏರ್ಪಾಡು. ಕೇಳುವುದಕ್ಕೆ ಚೆನ್ನಾಗಿದೆ.

“ಗುಳ್ಳೆ ಜಾಸ್ತಿಯಾದ್ರೆ?” ಅಕ್ಕ ಕೇಳಿದಳು.

“ತೊಟ್ಟಿ ನೀರೂ ಹುಳಿಯಾಗತ್ತೆ. ಹವಳದ ಚರ್ಮ ಸುಲಿದು ಬರತ್ತೆ.”

“ಎಷ್ಟು ಹೊತ್ತಲ್ಲಿ?”

“ನೀವು ತಿಂಡಿ ತಿಂದು ಮಧ್ಯಾಹ್ನದ ಊಟಕ್ಕೆ ಕೂರೋಷ್ಟರಲ್ಲಿ.”

ಆ ದಿನದಿಂದ ನಮ್ಮ ಮನೆಗೆ ಭಯ ಹೊಕ್ಕಿತು. ಒಂದು ತಿಂಗಳು ಅವಳು ಬರೀ ಸಾಮಾನು ಆರಿಸಿದಳು. ಕೊಳವೆ ಬೇಕಾದ್ದಕ್ಕಿಂತ ಒಂದಳತೆ ದೊಡ್ಡದು, ಸ್ವಲ್ಪ ಗ್ಯಾಸಿನಲ್ಲೇ ಕೆಲಸ ಆಗಲಿ ಎಂದು. ಗ್ಯಾಸ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಎರಡು ಹಂತದ್ದು. ಒಂದು ಹಂತದ್ದಾದರೆ ಸಿಲಿಂಡರ್ ಬರಿದಾಗುವ ಹೊತ್ತಿಗೆ ಉಳಿದದ್ದನ್ನೆಲ್ಲ ಒಂದೇ ಸಲ ಸುರಿದುಬಿಡುತ್ತದಂತೆ. ಜೋಡಣೆಯ ದಿನ ಕೀಲುಕೀಲಿಗೂ ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಿದಳು. ಕಿಟಕಿ ಮುಚ್ಚಬಾರದೆಂದು ಅದರ ಚಿಲಕವನ್ನೇ ಬಿಚ್ಚಿಸಿದಳು. ಇಷ್ಟೆಲ್ಲ ಹೆದರುವವಳು ಒಂದನ್ನು ಮಾತ್ರ ಬೇಡ ಅಂದಳು. ಹುಳಿ ಹೆಚ್ಚಾದರೆ ತಾನೇ ಗ್ಯಾಸ್ ನಿಲ್ಲಿಸುವ ಕಾವಲು ಯಂತ್ರ.

“ಯಂತ್ರಕ್ಕೆ ಇನ್ನೊಂದು ಯಂತ್ರ ಕಾವಲಾ? ನಾನಿದೀನಲ್ಲ” ಅಂದಳು.

ಗುಳ್ಳೆ ನಿಮಿಷಕ್ಕೆ ಮೂವತ್ತಾರು ಎಂದು ಉಪ್ಪಪ್ಪ ಹೇಳಿದ. ಅಕ್ಕನಿಗೆ ಅದು ತೀರಾ ಸುಲಭದ ಲೆಕ್ಕ: ಎರಡು ಬಡಿತಕ್ಕೊಂದು ಗುಳ್ಳೆ. ಕತ್ತಿಗೆ ಬೆರಳಿಟ್ಟು, ಪುಟ್ಟ ಗಾಜಿನ ನಳಿಗೆಯಲ್ಲಿ ಏಳುವ ಗುಳ್ಳೆ ನೋಡುತ್ತಾ ರೆಗ್ಯುಲೇಟರಿನ ತಿರುಪು ತಿರುಗಿಸಿ ನಿಲ್ಲಿಸಿದಳು. ಐದು ವಾರದಲ್ಲಿ ಅಜ್ಜಿಯ ಅಂಚಿಗೆ ನೇರಳೆ ಬಣ್ಣ ಮರಳಿತು.

ಆರನೆಯ ವಾರ ಒಂದು ಬೆಳಿಗ್ಗೆ ಮೆಟ್ಟಿಲ ಮೇಲಿನಿಂದಲೇ ಕೂಗಿದಳು, “ಗುಳ್ಳೆ ನಿಧಾನ ಆಗಿದೆ ಕಣೋ! ಮೂರು ಬಡಿತಕ್ಕೊಂದು ಬರ್ತಿದೆ.” ತಿರುಪು ಸ್ವಲ್ಪ ಸಡಿಲಿಸಿದಳಂತೆ. ಸಂಜೆ ನೋಡಿದರೆ ಗುಳ್ಳೆ ಜೋರು. ಬಿಗಿ ಮಾಡಿದಳು. ಮರುದಿನ ಬೆಳಿಗ್ಗೆ ಮತ್ತೆ ನಿಧಾನ. ತೊಟ್ಟಿಯ ನೀರನ್ನು ಪರೀಕ್ಷಿಸಿದರೆ ಹುಳಿ ಏರುತ್ತಿತ್ತು. ಹವಳಗಳು ಮೊಗ್ಗಿನಂಥ ಬಾಯಿ ಮುದುಡಿಕೊಂಡವು. ಅಕ್ಕ ಕೆಂಡದ ಮೇಲೆ ಕೂತ ಹಾಗೆ ದಿನವಿಡೀ ಸಿಲಿಂಡರಿನ ಪಕ್ಕ ಸ್ಟೂಲು ಹಾಕಿ ಕೂತಳು. ಉಪ್ಪಪ್ಪನನ್ನು ಬೈದು ಹೊಸ ರೆಗ್ಯುಲೇಟರ್ ಹಾಕಿಸಿದಳು. ಅದೂ ಹಾಗೇ ಆಡಿತು.

ನಾನು ಸುಮ್ಮನಿರಬೇಕಿತ್ತು. ನನ್ನ ಬಾಯಿ ಕೇಳಬೇಕಲ್ಲ. “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ” ಎಂದೆ. ಅಕ್ಕ ಸ್ಟೂಲನ್ನು ಸಿಲಿಂಡರಿಗೆ ಇನ್ನೂ ಹತ್ತಿರ ಎಳೆದುಕೊಂಡಳು.

ಮಾರನೆಯ ಬೆಳಿಗ್ಗೆ ಮೇಲೆ ಹೋದೆ. ಅಜ್ಜಿಯ ಬುಡದಲ್ಲಿ ಬೆರಳಗಲ ಚರ್ಮ ಸುಲಿದು ಬಿಳಿ ಎಲುಬು ಕಾಣುತ್ತಿತ್ತು. ಅಕ್ಕ ಒಂದು ಕೈ ಕತ್ತಿಗಿಟ್ಟು ಇನ್ನೊಂದರಲ್ಲಿ ತಿರುಪು ಹಿಡಿದಿದ್ದಳು. “ನೋಡು, ಎಷ್ಟು ತೆಗೆದ್ರೂ ನಿಧಾನವೇ. ಇನ್ನೂ ತೆಗೀಬೇಕು.”

ನನ್ನ ಕಣ್ಣಿಗೆ ಗುಳ್ಳೆಗಳು ಒಂದರ ಬಾಲ ಹಿಡಿದು ಇನ್ನೊಂದು ಓಡುತ್ತಿದ್ದವು. ವಾಚ್ ನೋಡಿ ಎಣಿಸಿದೆ.

“ಅಕ್ಕಾ, ಕೈ ತೆಗಿ. ಐವತ್ತೆಂಟು ಬರ್ತಿದೆ.”

“ನಿನ್ ವಾಚ್ ಕೆಟ್ಟಿದೆ.”

ಕೆಳಗೆ ಓಡಿ ಅಂಗಡಿಯಿಂದ ಇನ್ನೆರಡು ವಾಚ್ ತಂದು ಅವಳ ಮುಂದೆ ಇಟ್ಟೆ. ಮೂರೂ ಒಂದೇ ಹೆಜ್ಜೆ ಹಾಕುತ್ತಿದ್ದವು. “ನೀನೊಂದು ನಿಮಿಷ ಎಣಿಸಿ ಹೇಳು” ಅಂದೆ. ಎಣಿಸಿ ‘ಹೂಂ’ ಅಂದಾಗ ಸೆಕೆಂಡಿನ ಮುಳ್ಳು ಮೂವತ್ತೆಂಟರಲ್ಲಿತ್ತು.

ಅವಳ ಕೈ ಎಳೆದು ಮಣಿಕಟ್ಟಿಗೆ ಬೆರಳಿಟ್ಟೆ. ನಲವತ್ತು ವರ್ಷ ಗಡಿಯಾರಗಳ ಬಡಿತ ಕೇಳಿದವನು ನಾನು. ಕೆಳಗೆ ಬಿದ್ದ ವಾಚು ಹೀಗೇ ನಡೆಯುತ್ತದೆ, ನಾಲ್ಕು ಹೆಜ್ಜೆ ಓಡಿ ಒಂದು ಎಡವುತ್ತದೆ. ಹಳೆಯದು, ಹೊಸದು ಎರಡೂ ರೆಗ್ಯುಲೇಟರ್ ಸರಿಯಾಗೇ ಇದ್ದವು. ಅವಳು ಓಡುವ ಎದೆಗೆ ಸರಿಯಾಗಿ ಗ್ಯಾಸನ್ನು ಓಡಿಸಿದ್ದಳು.

“ಯಾವತ್ತಿಂದ ಅಕ್ಕಾ?”

“ಮೆಟ್ಲು ಹತ್ತುವಾಗ ಒಂಚೂರು... ತಿಂಗಳಾಯ್ತೇನೋ.” ಸಾವಿರಾರು ಜನರ ನಾಡಿ ಹಿಡಿದವಳು ನೆಲ ನೋಡುತ್ತಿದ್ದಳು. ದೀಪದ ಬುಡದಲ್ಲೇ ಕತ್ತಲೆ. “ಹೆದ್ರಿಕೆಯಾಯ್ತು ಕಣೋ. ಯಂತ್ರವೇ ಕೆಟ್ಟಿರ್ಲಿ ಅಂದ್ಕೊಂಡೆ.”

“ನಡಿ ಆಸ್ಪತ್ರೆಗೆ, ಈಗ್ಲೇ.”

“ಮೊದ್ಲು ಮೂವತ್ತಾರಕ್ಕೆ ತಾ. ಆಮೇಲೆ ಬರ್ತೀನಿ.”

ಜಗಳಕ್ಕೆ ಹೊತ್ತಿರಲಿಲ್ಲ. ವಾಚ್ ನೋಡುತ್ತಾ ತಿರುಪು ತಿರುಗಿಸಿದೆ. ಎರಡು ಸಲ ಲೆಕ್ಕ ತಪ್ಪಿತು. ಅವಳು ಸ್ಟೂಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು, ಅದನ್ನೂ ನಾನೇ ಕೇಳುತ್ತಿದ್ದೆ.

ಅವಳು ಮೂವತ್ತೊಂದು ವರ್ಷ ಓಡಾಡಿದ ವಾರ್ಡಿನಲ್ಲೇ ಹಾಸಿಗೆ ಸಿಕ್ಕಿತು. ಎದೆಯ ತಾಳ ತಪ್ಪಿದೆ, ರಕ್ತ ಹೆಪ್ಪುಗಟ್ಟಿ ತಲೆಗೇರಬಹುದು, ಮಾತ್ರೆಗೆ ಹಿಡಿತಕ್ಕೆ ಬರುವವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ತಲೆಯ ಬಳಿಯ ಯಂತ್ರದಲ್ಲಿ ಅಂಕಿ ನೂರಾ ಹತ್ತು, ತೊಂಬತ್ತು, ನೂರಾ ಮೂವತ್ತು ಎಂದು ಹಾರುತ್ತಿತ್ತು. ನನಗೆ ಅದರಿಂದ ಕಣ್ಣು ತೆಗೆಯುವ ಧೈರ್ಯವಿರಲಿಲ್ಲ.

ಮೂರನೆಯ ಸಂಜೆ ಹೋದಾಗ, “ಅಜ್ಜಿ?” ಅಂದಳು.

“ಬುಡ ಹೋಯ್ತು. ಮೇಲಿಂದು ಹಿಡ್ಕೊಂಡಿದೆ.” ಸುಳ್ಳು ಹೇಳಲಿಲ್ಲ.

“ಗುಳ್ಳೆ?”

“ಮೂವತ್ತಾರು. ಬೆಳಿಗ್ಗೆ ಸಂಜೆ ವಾಚ್ ಹಿಡಿದು ನೋಡ್ತಿದೀನಿ.”

ಅವಳ ಬೆರಳು ಅಭ್ಯಾಸಬಲದಿಂದ ಕತ್ತಿನ ಕಡೆ ಹೋಯಿತು. ಅರ್ಧದಾರಿಯಲ್ಲಿ ನಿಂತು ಹಾಸಿಗೆಗೆ ಇಳಿಯಿತು. ಆಮೇಲೆ ಎಡಗೈಯನ್ನು ನನ್ನ ಕಡೆ ಚಾಚಿದಳು.

“ನಿನ್ ಕೈಲಿರೋದನ್ನ ಬಿಚ್ಚಿ ನಂಗೆ ಕಟ್ಟೋ.”

ಇಷ್ಟು ವರ್ಷ ಆ ಮಾತಿಗಾಗಿ ಕಾದಿದ್ದವನು ನಾನು. ಪಟ್ಟಿಯನ್ನು ಅವಳ ಮಣಿಕಟ್ಟಿಗೆ ಸುತ್ತಿದೆ. ಕೊಕ್ಕೆಯನ್ನು ತೂತಿಗೆ ಸೇರಿಸಲು ಮಾತ್ರ ನನ್ನ ಕೈಯಲ್ಲಿ ಆಗಲಿಲ್ಲ, ಪಕ್ಕದ ಹಾಸಿಗೆಯ ಬಳಿಯಿದ್ದ ನರ್ಸನ್ನು ಕರೆಯಬೇಕಾಯಿತು.